ಖಾಲಿ ಹಗೇವು

ಊರಿಗೆ ಉಪಕಾರ ಮಾಡಬೇಡ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಆದರೆ ಆ ಮಾತನ್ನು ಯುನಿವರ್ಸಿಟಿಯವರಿಗೆ ಹೇಳುವವರು ಯಾರು? ಚಳಿಗಾಲ ಬಂತೆಂದರೆ ಅವರಿಗೆ ಉಪಕಾರ ಮಾಡಲು ಒಂದು ಊರು ಬೇಕೇ ಬೇಕು. ಆ ವರ್ಷ ಸಿಕ್ಕಿದ್ದು, ಅಣ್ಣಿಗೇರಿಯಲ್ಲಿ ಟಂಟಂ ಆಟೋ ಹತ್ತಿ ಕರಿಮಣ್ಣಿನ ಎರಿ ಹೊಲಗಳ ನಡುವೆ ಮೈಕೈ ನೋಯುವಷ್ಟು ಕುಲುಕಾಡಿಕೊಂಡು ಹೋಗಬೇಕಾದ ಒಂದು ಊರು. ಹುಡುಕಿಕೊಟ್ಟವನು ಸಿದ್ದರಾಮ. ಆ ಊರಿನದೇ ಹುಡುಗ, ಪರಿಸರ ವಿಜ್ಞಾನದ ಎಂ.ಎಸ್ಸಿ. ಓದುತ್ತಿದ್ದ.

ಸಿದ್ದರಾಮ ಸಣ್ಣವನಿದ್ದಾಗಲೇ ಅವನ ಅಪ್ಪ ಅವ್ವ ತೀರಿದ್ದರು. ಬೆಳೆಸಿದವರು ಕಾಕಾ ಮಾಳಪ್ಪ, ಕಾಕಿ ಸಾವಕ್ಕ. ಮಾಳಪ್ಪನಿಗೆ ಒಂದಿಷ್ಟು ಹೊಲ, ಒಂದಿಷ್ಟು ಕುರಿ, ಮತ್ತು ಈ ಹುಡುಗ. ಮಗ ಏನು ಓದುತ್ತಾನೆ ಎಂದು ಯಾರಾದರೂ ಕೇಳಿದರೆ, "ಗಾಳಿ, ನೀರು, ಮಣ್ಣು ಓದಾಕತ್ತಾನ" ಎನ್ನುತ್ತಿದ್ದ. "ಅದನ್ನ ಓದಾಕ ಶಹರಕ್ಕ ಯಾಕ ಹೋಗಬೇಕಿತ್ತೋ ಮಾರಾಯಾ" ಎಂದು ಅವರು ನಕ್ಕರೆ ತಾನೂ ನಗುತ್ತಿದ್ದ. ಆದರೆ ಒಳಗೊಳಗೆ ಅವನಿಗೆ ಹುಡುಗನ ಮೇಲೆ ಎಲ್ಲಿಲ್ಲದ ಹೆಮ್ಮೆ. ಹುಡುಗ ಬಾಯಿಬಿಟ್ಟು ಏನು ಹೇಳಿದರೂ ಅದು ಮಾಳಪ್ಪನಿಗೆ ವೇದ.

ಯುನಿವರ್ಸಿಟಿಯ ಸ್ವಚ್ಛತಾ ಶಿಬಿರ ಊರ ಶಾಲೆಯಲ್ಲಿ ಬಿಡಾರ ಹೂಡಿತು. ಹಸಿರು ಟೊಪ್ಪಿಗೆ, ಹಸಿರು ಕೈಗವಸು, ಕಂಡ ಕಂಡ ಗೋಡೆಗೆ ಹಸಿರು ಅಕ್ಷರ. ಪ್ಲಾಸ್ಟಿಕ್ ಬಿಡಿ ಎಂದು ಭಾಷಣ ಬಿಗಿದ ಅತಿಥಿಗಳಿಗೆ ಪ್ಲಾಸ್ಟಿಕ್ ಬಾಟಲಿಯಲ್ಲೇ ನೀರು ಕೊಟ್ಟರು. ಹಸಿ ಕಸ ಬೇರೆ, ಒಣ ಕಸ ಬೇರೆ ಎಂದು ಮುಂಜಾನೆ ಊರ ಹೆಣ್ಣುಮಕ್ಕಳಿಗೆ ಹಾಡು ಕಟ್ಟಿ ಹೇಳಿದರು. ಸಂಜೆ ತಮ್ಮ ಅಡುಗೆಯ ಮುಸುರೆ, ಎಂಜಲೆಲೆ, ಬಿಸ್ಕೀಟಿನ ಹಾಳಿ ಎಲ್ಲವನ್ನೂ ಒಂದೇ ಹಸಿರು ಚೀಲಕ್ಕೆ ಸುರಿದರು. ಹೇಳೋದು ಆಚಾರ, ತಿನ್ನೋದು ಬದನೆಕಾಯಿ. ಆದರೂ ಇಲ್ಲದ್ದು ಹೇಳಬಾರದು, ಹುಡುಗರು ಮೈಮುರಿದು ದುಡಿದರು. ಗಟಾರಕ್ಕೆ ಇಳಿದು ರಾಡಿ ಎತ್ತಿದರು, ಜಾಲಿಕಂಟಿಗೆ ಸಿಕ್ಕಿಕೊಂಡ ಪ್ಲಾಸ್ಟಿಕ್ಕಿನ ಹಾಳಿ ಚೀಲಗಳನ್ನು ಕೈ ತರಚಿಸಿಕೊಂಡು ಬಿಡಿಸಿದರು. ಅಂಗೈಗೆ ಬೊಬ್ಬೆ ಬಂದರೂ ಸಿದ್ದರಾಮ ಸಲಿಕೆ ಬಿಡಲಿಲ್ಲ. ತನ್ನ ಊರಲ್ಲವೇ!

ಹೀಗೆ ಕೂಡಿದ ಕಸವೆಲ್ಲ ಶಾಲೆಯ ಮುಂದೆ ಗುಡ್ಡೆಯಾಯಿತು. ಪಂಚಾಯ್ತಿಯ ಟ್ರ್ಯಾಕ್ಟರು ಬಂದು ಒಯ್ಯಬೇಕಿತ್ತು. ಶಿಬಿರ ಮುಗಿಯುವ ಹಿಂದಿನ ದಿನ ಸಂಜೆಯಾದರೂ ಟ್ರ್ಯಾಕ್ಟರಿನ ಸುಳಿವಿಲ್ಲ. ವಿಚಾರಿಸಿದರೆ, ಅದು ಊರಿನ ಅರ್ಧ ಹೆಂಗಸರನ್ನು ಹೇರಿಕೊಂಡು ಬಾಜು ಊರಿಗೆ ಯಾರೋ ಬಸುರಿಯ ಕುಬಸಕ್ಕೆ ಹೋಗಿದೆಯಂತೆ. ಮರುದಿನ ಮುಂಜಾನೆ ಯುನಿವರ್ಸಿಟಿಯ ದೊಡ್ಡವರು ಊರು ನೋಡಲು ಬರುವವರಿದ್ದರು. ಅವರು ನೋಡಿ ತಲೆದೂಗಿದರೆ ಈ ಶಿಬಿರಕ್ಕೆ ಬಹುಮಾನ, ಶಿಬಿರದ ಮುಖಂಡ ಸಿದ್ದರಾಮನಿಗೆ ಅವನ ಪ್ರೊಫೆಸರ್ ಪ್ರಭಂಜನ ಸರ್ ಕೈಕೆಳಗೆ ಪಿಎಚ್‌ಡಿ. ಇಂಥ ಹೊತ್ತಿನಲ್ಲಿ ಶಾಲೆಯ ಬಾಗಿಲಲ್ಲೇ ನಾರುವ ಗುಡ್ಡೆ.

"ನಮ್ಮ ಕಾಕಾನ ಹಗೇವು ಖಾಲಿ ಐತಿ" ಎಂದವನು ಸಿದ್ದರಾಮನೇ. ಬೇರೆ ಯಾರೂ ಅಲ್ಲ.

ಹಗೇವು ಎಂದರೆ ನೆಲದೊಳಗಿನ ಕಣಜ. ಮೇಲೆ ಒಬ್ಬ ಮನುಷ್ಯ ಇಳಿಯುವಷ್ಟೇ ಬಾಯಿ, ಒಳಗೆ ಗಡಿಗೆಯ ಹಾಗೆ ದೊಡ್ಡ ಹೊಟ್ಟೆ. ಸುತ್ತ ಹೊಟ್ಟು ಒತ್ತಿ, ನಡುವೆ ಜೋಳ ತುಂಬಿ, ಬಾಯಿಗೆ ಹಾಸುಗಲ್ಲು ಎಳೆದು ಮಣ್ಣು ಮೆತ್ತಿಬಿಟ್ಟರೆ ವರ್ಷಗಟ್ಟಲೆ ಕಾಳಿಗೆ ಹುಳ ಹತ್ತುತ್ತಿರಲಿಲ್ಲ. ಉಸಿರಾಡಲು ಗಾಳಿಯೇ ಇಲ್ಲದ ಮೇಲೆ ಹುಳ ಬದುಕುವುದು ಹೇಗೆ? ಮನುಷ್ಯನಾದರೂ ಅಷ್ಟೇ. ಅದಕ್ಕೇ ತುಂಬಿದ ಹಗೇವು ತೆಗೆದಾಗ ಮೊದಲು ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡುವುದು. ದೀಪ ಆರಿತೆಂದರೆ ಯಾರೂ ಕಾಲಿಡುವಂತಿಲ್ಲ. ಈ ಕಡೆ ಸಣ್ಣ ಮಕ್ಕಳಿಗೂ ಗೊತ್ತಿದ್ದ ಮಾತಿದು. ಮಾಳಪ್ಪನ ಹಿತ್ತಲಲ್ಲಿದ್ದ ಹಗೇವು ಅವನ ಅಪ್ಪನ ಕಾಲದ್ದು. ಪ್ಲಾಸ್ಟಿಕ್ ಚೀಲ, ಹುಳ ಸಾಯಿಸುವ ಗುಳಿಗೆ ಬಂದ ಮೇಲೆ ಅದನ್ನು ಕೇಳುವವರಿಲ್ಲದೆ ಖಾಲಿ ಬಿದ್ದಿತ್ತು.

ಗೆಳತಿ ಮೃಣಾಲಿನಿ, ಶಿಬಿರದ ಫೋಟೋ, ವಿಡಿಯೋ ನೋಡಿಕೊಳ್ಳುತ್ತಿದ್ದವಳು, ಹಿಂದೆಮುಂದೆ ನೋಡಿದಳು. "ಕಾಕಾಗ ಒಂದು ಮಾತು ಕೇಳಬ್ಯಾಡೇನು?"

"ಕಾಕಾ ಕುರಿ ಹಿಂದ ಹೋಗ್ಯಾನ. ಕಾಕಿ ಕುಬಸಕ್ಕ ಹೋಗ್ಯಾಳ. ಎರಡ ದಿನದ ಮಾತು ತಗಿ. ದೊಡ್ಡವರು ನೋಡಿ ಹೋದ ಕೂಡಲೆ ಹೊರಗ ತಗದು ಟ್ರ್ಯಾಕ್ಟರಿಗೆ ಹೇರೂಣು."

ಗಟಾರದ ರಾಡಿ, ಮುಸುರೆ, ಹಾಳಿ ಚೀಲ ಎಲ್ಲ ಹಗೇವಿನ ಹೊಟ್ಟೆ ಸೇರಿತು. ಮೇಲೆ ಒಂದು ಪದರು ಮಣ್ಣು ಹಾಕಿ, ಹಾಸುಗಲ್ಲು ಎಳೆದು, ಸಂದಿಗೆ ಮಣ್ಣು ಮೆತ್ತಿದರು. ಸಿದ್ದರಾಮ ಒದ್ದೆ ಕೈಯಿಂದ ನೀಟಾಗಿ ಸವರಿದ.

ಮರುದಿನ ಬಂದ ದೊಡ್ಡವರು ಇಷ್ಟು ಸ್ವಚ್ಛ ಹಳ್ಳಿಯನ್ನು ತಾವು ಕಂಡೇ ಇಲ್ಲ ಎಂದರು. ಸಮಾರೋಪದಲ್ಲಿ ಪ್ರಭಂಜನ ಸರ್, "ನಿಮ್ಮೂರಿನ ಯಾವುದಾದ್ರೂ ಹಳೇ ಪದ್ಧತಿ ಬಗ್ಗೆ ಒಂದೆರಡು ಮಾತಾಡು" ಎಂದು ಸಿದ್ದರಾಮನ ಕೈಗೆ ಮೈಕು ಕೊಟ್ಟರು. ನೋಯುವ ಹಲ್ಲಿನ ಕಡೆಗೇ ನಾಲಗೆ ಹೊರಳುತ್ತದೆ. ಹುಡುಗ ಹಗೇವಿನ ಬಗ್ಗೆಯೇ ಮಾತಾಡಿದ. ಗುಳಿಗೆ ವಿಷ, ಪ್ಲಾಸ್ಟಿಕ್ ಚೀಲ ವಿಷ. ನಮ್ಮ ಹಿರಿಯರ ಹಗೇವಿಗೆ ಎರಡೂ ಬೇಕಿಲ್ಲ, ಭೂಮಿತಾಯಿಯೇ ಕಾಳು ಕಾಯುತ್ತಾಳೆ ಎಂದ. ಚಪ್ಪಾಳೆ ಬಿದ್ದವು. ಎಲ್ಲರಿಗಿಂತ ಮುಂದೆ ನೆಲದ ಮೇಲೆ ಕೂತಿದ್ದ ಮಾಳಪ್ಪ ಚಪ್ಪಾಳೆ ಹೊಡೆಯುವುದನ್ನೂ ಮರೆತು ಹುಡುಗನ ಮುಖವನ್ನೇ ನೋಡುತ್ತಿದ್ದ.

ಬಹುಮಾನ ಬಂತು. ಪರೀಕ್ಷೆ ಬಂದವು. ಕಸ ತೆಗೆಯುವ ಮಾತು ಮೊದಮೊದಲು ಮುಂದಿನ ರವಿವಾರಕ್ಕೆ ಹೋಯಿತು, ಆಮೇಲೆ ಪರೀಕ್ಷೆ ಮುಗಿದ ಮೇಲೆ ಎಂದಾಯಿತು, ಆಮೇಲೆ ಯಾರೂ ಎತ್ತಲಿಲ್ಲ. ನಾಳೆ ಎಂದವನ ಮನೆ ಹಾಳು ಎನ್ನುತ್ತಾರೆ. ಹಾಳಾಗುವುದು ಯಾವಾಗಲೂ ಎಂದವನ ಮನೆಯೇ ಆಗಿದ್ದರೆ ಲೋಕ ಇನ್ನಷ್ಟು ನೆಟ್ಟಗಿರುತ್ತಿತ್ತು.

ಸುಗ್ಗಿ ಮುಗಿದ ಮೇಲೆ ಒಂದು ದಿನ ಕಾಕಾನ ಫೋನು ಬಂತು.

"ಸಿದ್ದೂ, ಬಿಳಿಜ್ವಾಳ ಛಲೋ ಬಂದೈತಿ. ಈ ಸಲ ಗುಳಿಗಿ ಇಲ್ಲ, ಹಾಳಿ ಚೀಲ ಇಲ್ಲ. ನೀ ಹೇಳಿದ್ದೀಯಲ್ಲ, ಹಂಗs ಮಾಡಾಂವ ನಾ. ರವಿವಾರ ಹಗೇವು ತಗೀತೀನಿ."

ಸಿದ್ದರಾಮ ಎದ್ದು ನಿಂತ. "ಕಾಕಾ, ಈಗ ಬ್ಯಾಡ. ನಾ ಬಂದ ಮ್ಯಾಲೆ..."

"ನೀ ಬರತೀಯಲ್ಲೋ! ನಿಮ್ಮ ಸರ್‌ಗೂ ಫೋನ್ ಮಾಡೀನಿ. ಅಗದಿ ಖುಷಿ ಆದ್ರು. ಎಲ್ಲಾರನ್ನೂ ಕರಕೊಂಡು ಬರತೀನಿ, ವಿಡಿಯೋ ಮಾಡೂಣು ಅಂದ್ರು."

ಮೂರು ದಿನ ಸಿದ್ದರಾಮನಿಗೆ ಊಟ ರುಚಿಸಲಿಲ್ಲ. ಶನಿವಾರ ತಾನೊಬ್ಬನೇ ಹೋಗಿ ತೆಗೆದುಬಿಡೋಣವೇ ಎಂದುಕೊಂಡ. ಹಿತ್ತಲಲ್ಲಿ ಕಾಕಿಯ ಕಣ್ಣು ತಪ್ಪಿಸಿ ಅಷ್ಟು ರಾಡಿ ಎತ್ತುವುದು ಹೇಗೆ? ಫೋನಿನಲ್ಲಿ ಹೇಳಿಬಿಡೋಣವೇ ಎಂದುಕೊಂಡ. ಕಾಕಾನ ಹೆಸರು ಒತ್ತುವುದು, ಗಂಟೆ ಬಾರಿಸುವ ಮೊದಲೇ ಕತ್ತರಿಸುವುದು. ಒಂದು ವಿಚಿತ್ರ ನೋಡಿ. ಈ ಮೂರು ದಿನವೂ ಅವನಿಗೆ ಕಂಡದ್ದು ಒಂದೇ ಚಿತ್ರ: ಹಾಸುಗಲ್ಲು ಸರಿಯುತ್ತದೆ, ಕ್ಯಾಂಪಿನ ಹಸಿರು ಚೀಲಗಳು ಕಾಣುತ್ತವೆ, ಪ್ರಭಂಜನ ಸರ್ ತನ್ನ ಕಡೆ ತಿರುಗಿ ನೋಡುತ್ತಾರೆ. ಮಾನ ಹೋಗುವುದೊಂದೇ ಕಂಡಿತು. ಹಸಿ ಕಸ ಬಿಗಿಯಾಗಿ ಮುಚ್ಚಿಟ್ಟರೆ ಒಳಗೆ ಏನು ಹುಟ್ಟುತ್ತದೆ ಎಂದು ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದು ಬಂದವನಿಗೆ ಆ ಉತ್ತರ ಹಿತ್ತಲಲ್ಲೇ ಇದೆ ಎಂಬುದು ಹೊಳೆಯಲೇ ಇಲ್ಲ.

ರವಿವಾರ ಯುನಿವರ್ಸಿಟಿಯ ಬಸ್ಸಿನಲ್ಲಿ ಅವನು ಸರ್ ಬಾಜೂಕೇ ಕೂತ. ಹೇಳಲೆಂದೇ ಕೂತ.

"ಸರ್, ಹಗೇವಿಂದು ಒಂದು ಮಾತು..."

"ನಾನೂ ಅದನ್ನ ಹೇಳೋಣಂತಿದ್ದೆ" ಎಂದರು ಪ್ರಭಂಜನ ಸರ್. ಮನುಷ್ಯ ಕೆಟ್ಟವರಲ್ಲ, ಹಳ್ಳಿಯೆಂದರೆ ಜೀವ ಬಿಡುವವರು. "ಮಕ್ಕಳು ಭಾಷಣಾ ಮಾಡ್ತಾರ, ಯಾರೂ ಕೇಳೂದಿಲ್ಲ ಅಂತ ಎಲ್ಲಾರೂ ನಗತಾರ. ನಿಮ್ಮ ಕಾಕಾ ಕೇಳ್ಯಾರ ನೋಡು. ನನ್ನ ಇಷ್ಟು ವರ್ಷದ ಪಾಠ ಇವತ್ತು ಸಾರ್ಥಕ ಆತು." ಅವರ ಕಣ್ಣು ತುಸು ಒದ್ದೆಯಾಗಿತ್ತು. ಸಿದ್ದರಾಮ ತೆರೆದ ಬಾಯಿ ಮುಚ್ಚಿಕೊಂಡ. ಹಿಂದಿನ ಸೀಟಿನಿಂದ ಮೃಣಾಲಿನಿ ಅವನ ಬೆನ್ನು ತಿವಿದಳು. ಅವನು ತಿರುಗಲಿಲ್ಲ.

ಹಿತ್ತಲಲ್ಲಿ ಸಾವಕ್ಕ ಹಗೇವಿನ ಸುತ್ತ ಸಾರಿಸಿ ರಂಗೋಲಿ ಬಿಟ್ಟಿದ್ದಳು. ಬಂದವರಿಗೆಲ್ಲ ಕಂಚಿನ ತಾಟಿನಲ್ಲಿ ಅವಲಕ್ಕಿ ಕೊಟ್ಟಳು. ಹಾಳಿ ತಾಟು ಒಂದೂ ಇರಲಿಲ್ಲ. ಬೇಡ ಎಂದಿದ್ದನಂತೆ ಮಾಳಪ್ಪ. ಅವನು ಹೊಸ ರುಮಾಲು ಸುತ್ತಿ ಮದುಮಗನ ಹಾಗೆ ನಿಂತಿದ್ದ. ಹಾಸುಗಲ್ಲು ಎಬ್ಬಿಸಲು ಕಬ್ಬಿಣದ ಹಾರಿ ಹಿಡಿದುಕೊಂಡು ಬಾಜು ಮನೆಯ ಮಾಬುಸಾಬ ಬಂದಿದ್ದ; ಮಾಳಪ್ಪನಿಗೂ ಅವನಿಗೂ ಚಡ್ಡಿ ಹಾಕುವಾಗಿನಿಂದ ಗೆಳೆತನ.

ಕಲ್ಲು ಸರಿಯಿತು. ಒಳಗಿಂದ ಗಪ್ಪನೆ ವಾಸನೆ ಎದ್ದಿತು: ಮುಗ್ಗು, ಹುಳಿ, ಕೊಳೆತ ತತ್ತಿಯ ನಾತ. ಹುಡುಗಿಯರು ಮೂಗು ಮುಚ್ಚಿಕೊಂಡರು. ಮಾಳಪ್ಪ ಮಾತ್ರ ಕಣ್ಣು ಮುಚ್ಚಿ ಒಮ್ಮೆ ಎಳೆದುಕೊಂಡ.

"ಹಗೇವಿನ ಜ್ವಾಳಾನೂ ಹಿಂಗs ಒಂಥರಾ ನಾರತಿತ್ತ್ರಿ ಸರ. ನಮ್ಮವ್ವ ರೊಟ್ಟಿ ಬಡದ್ರ ಮನಿ ತುಂಬ ಈ ವಾಸನಿ."

"ಖಾಲಿ ಹಗೇವು ಇಷ್ಟ್ಯಾಕ ನಾರತೈತೋ ಮಾಳಪ್ಪಾ?" ಎಂದ ಮಾಬುಸಾಬ.

"ಇಲಿ ಗಿಲಿ ಬಿದ್ದು ಸತ್ತಿರಬೇಕು ತಗಿ."

ಆ ನಾತ ಮೂಗಿಗೆ ಹೊಡೆದಾಗಲೇ ಸಿದ್ದರಾಮನಿಗೆ ತಾನು ಬರೆದ ಉತ್ತರ ನೆನಪಾಯಿತು. ಇಣುಕಿ ನೋಡಿದ. ಒಳಗೆ ಗವ್ವೆನ್ನುವ ಕತ್ತಲೆ. ಚೀಲವೂ ಕಾಣಲಿಲ್ಲ, ಮಣ್ಣೂ ಕಾಣಲಿಲ್ಲ.

"ಕಾಕಾ" ಎಂದ. "ಕಂದೀಲು ಬಿಟ್ಟು ನೋಡೂಣು."

ಮಾಳಪ್ಪ ನಕ್ಕ. "ಯಾಕಲೇ? ಕಂದೀಲು ಬಿಡೂದು ಜ್ವಾಳ ಇದ್ದ ಹಗೇವಿಗೆ. ಕಾಳಿದ್ರ ಅದರ ಉಸುರು ಇರತೈತಿ. ಕಾಳs ಇಲ್ಲಂದ ಮ್ಯಾಲೆ ಉಸುರು ಎಲ್ಲಿಂದ ಬರಬೇಕು? ಇಷ್ಟು ವರ್ಷ ಓದಿ ಇದs ತಿಳೀಲಿಲ್ಲ ನಿನಗ."

ಎಲ್ಲರೂ ನಕ್ಕರು. ಅವನು ಹೇಳಿದ್ದು ಸುಳ್ಳಲ್ಲ, ಹಗೇವು ಖಾಲಿಯಿದ್ದಿದ್ದರೆ. ಸಾವಕ್ಕ ಕಾಯಿ ಒಡೆದು, ಹಗೇವಿನ ಬಾಯಿಯ ಅಂಚಿಗೆ ಕರ್ಪೂರ ಹಚ್ಚಿದಳು. ಅದು ಮೇಲಿನ ಗಾಳಿಗೆ ಚೆನ್ನಾಗಿಯೇ ಉರಿಯಿತು.

"ನೋಡು, ಉರಿಯಾಕತ್ತೈತಿ. ಇದಕ್ಕಿಂತ ಕಂದೀಲು ಬೇಕೇನು?"

"ಆದ್ರೂ ಕಾಕಾ..."

"ಬಿಸಿಲು ಏರಾಕ್ಹತ್ತದ" ಎಂದರು ಪ್ರಭಂಜನ ಸರ್. "ಆಮ್ಯಾಲೆ ವಿಡಿಯೋದಾಗ ಮುಖಾ ಕಾಣಸೂದಿಲ್ಲ."

ಮಾಳಪ್ಪ ಹಾರಿಯನ್ನು ಹಗೇವಿನ ಬಾಯಿಗೆ ಅಡ್ಡ ಇಟ್ಟ. ಅದಕ್ಕೆ ಹಗ್ಗ ಕಟ್ಟಿದ. ಗಂಟು ಜಗ್ಗಿ ನೋಡಿದ. ಧೋತರ ಮೇಲೆತ್ತಿ ಕಚ್ಚೆ ಬಿಗಿದ. ರುಮಾಲು ತೆಗೆದು ಸಾವಕ್ಕನ ಕೈಗೆ ಕೊಟ್ಟ, ಹೊಸದು, ಹೊಲಸಾಗಬಾರದು ಎಂದು. ಇಷ್ಟೆಲ್ಲ ಆಗುವಷ್ಟು ಹೊತ್ತು ಇತ್ತು. ಆ ಹೊತ್ತಿನಲ್ಲಿ ಒಂದು ಮಾತು ಸಾಕಿತ್ತು: ಕಾಕಾ, ಇದು ಖಾಲಿ ಇಲ್ಲ. ಸಿದ್ದರಾಮ ಮೃಣಾಲಿನಿಯ ಕಡೆ ನೋಡಿದ. ಅವಳು ಮೊಬೈಲು ಹಿಡಿದು ಅವನನ್ನೇ ನೋಡುತ್ತಿದ್ದಳು. ಸರ್ ಕಡೆ ನೋಡಿದ. ಕಾಕಾನ ಮುಖ ನೋಡಿದ. ಬಂದವರೆಲ್ಲರ ಮುಂದೆ ಮಗನ ಮಾತು ನಡೆಸುವ ಸಂಭ್ರಮ ಅದರಲ್ಲಿ ತುಂಬಿತ್ತು. ಏನೂ ಆಗಲಿಕ್ಕಿಲ್ಲ, ಅಷ್ಟೊತ್ತು ಬಾಯಿ ತೆರೆದಿದೆಯಲ್ಲ, ಗಾಳಿ ಹೋಗಿರಬೇಕು ಎಂದುಕೊಂಡ. ಹೇಡಿಗೆ ನೆಪ ಸಿಗುವುದು ಎಷ್ಟು ಸಲೀಸು!

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಆಡದೆ ಉಳಿದ ಮಾತಿಗೆ ಏನು ಹೋಗುತ್ತದೆ ಎಂದು ಗಾದೆ ಕಟ್ಟಿದವರು ಹೇಳಿಲ್ಲ.

ಮಾಳಪ್ಪ ಹಗ್ಗ ಹಿಡಿದು ಇಳಿದ. ನಡುವಿನವರೆಗೆ ಹೋದ, ತಲೆ ಮರೆಯಾಯಿತು. ಒಳಗಿಂದ ದನಿ ಬಂತು, "ಏ, ಇದೇನೋ ಕಾಲಾಗ ಮೆತ್ತಗ... ಸಿದ್ದೂ, ಇದೇನೋ..."

ಬಿಗಿದಿದ್ದ ಹಗ್ಗ ಸಡಿಲಾಯಿತು. ಒದ್ದೆ ನೆಲಕ್ಕೆ ಮೂಟೆ ಬಿದ್ದ ಹಾಗೆ ಒಂದು ಸಪ್ಪಳ. ಆಮೇಲೆ ಏನೂ ಇಲ್ಲ.

"ಮಾಳಪ್ಪಾ!" ಎಂದು ಮಾಬುಸಾಬ ಕೂಗಿದ. ಉತ್ತರವಿಲ್ಲ. ಅವನು ಹಿಂದೆಮುಂದೆ ನೋಡದೆ ಹಗೇವಿನ ಬಾಯಿಗೆ ಎರಡೂ ಕಾಲು ಇಳಿಬಿಟ್ಟ. ಸಿದ್ದರಾಮ ಹಾರಿಬಂದು ಅವನನ್ನು ಸೊಂಟಕ್ಕೆ ತೆಕ್ಕೆ ಹಾಕಿ ಹಿಂದಕ್ಕೆ ಎಳೆದ.

"ಇಳೀಬ್ಯಾಡ ಮಾಬುಕಾಕಾ! ಒಳಗ ಗ್ಯಾಸ್ ಐತಿ! ಕಸ ತುಂಬೀವಿ ನಾವು, ಗಟಾರದ ರಾಡಿ, ಕ್ಯಾಂಪಿನ ಕಸ ಎಲ್ಲಾ ಇದರಾಗ ತುಂಬೀವಿ! ಇಳದ್ರ ನೀನೂ ಸಾಯ್ತಿ!"

ಇಷ್ಟು ದಿನ ಬಾರದ ಮಾತು ಒಂದೇ ಉಸಿರಿಗೆ ಬಂತು. ಎಲ್ಲೂ ತಡವರಿಸಲಿಲ್ಲ, ಎಲ್ಲೂ ತೊದಲಲಿಲ್ಲ. ಹಿತ್ತಲಿನಲ್ಲಿದ್ದವರೆಲ್ಲ ಕೇಳಿದರು.

ಆಮೇಲೆ ಊರೇ ಓಡಿಬಂತು. ರಾಶಿ ತೂರುವ ಫ್ಯಾನು ತಂದು ಬಾಯಿಗೆ ಹಿಡಿದರು. ಹಾರಿ ಗುದ್ದಲಿಗಳಿಂದ ಬಾಯಿ ಅಗಲ ಮಾಡಿದರು. ಬಾವಿಗೆ ಬಿದ್ದ ಕೊಡ ಎತ್ತುವ ಪಾತಾಳಗರಡಿ ಇಳಿಬಿಟ್ಟು ತಡಕಾಡಿದರು. ಮೊದಲು ಅದಕ್ಕೆ ಸಿಕ್ಕಿ ಬಂದದ್ದು ಕರಿ ರಾಡಿ ಸುರಿಯುವ ಹಸಿರು ಚೀಲ. ಮತ್ತೆ ಬಿಟ್ಟರು, ಮತ್ತೆ ಚೀಲ. ಮಾಳಪ್ಪನ ಧೋತರದ ಕಚ್ಚೆಗೆ ಕೊಕ್ಕೆ ಸಿಕ್ಕುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿತ್ತು. ಮೇಲೆ ತಂದು ರಂಗೋಲಿಯ ಮೇಲೆಯೇ ಮಲಗಿಸಿದರು. ಬಾಯಿ, ಮೂಗು, ಕಿವಿ ತುಂಬ ರಾಡಿ. ಸಾವಕ್ಕ ಕೈಯಲ್ಲಿದ್ದ ಹೊಸ ರುಮಾಲಿನಿಂದ ಅವನ ಮುಖ ಒರೆಸಿದಳು. ಒರೆಸಿದಷ್ಟೂ ಬರುತ್ತಿತ್ತು.

ಪ್ರಭಂಜನ ಸರ್ ಮುಖ ಬಿಳಚಿಕೊಂಡಿತ್ತು. ಅವರು ಸಿದ್ದರಾಮನ ತೋಳು ಹಿಡಿದು ಬಾಜೂಕೆ ಕರೆದರು. "ಪೊಲೀಸರು ಕೇಳಿದ್ರ ಹಳೇ ಹಗೇವು ಇತ್ತು, ಗ್ಯಾಸ್ ಇತ್ತು ಅಂತ ಅಷ್ಟs ಹೇಳು. ಕಸದ ಮಾತು ಈಗ ಬ್ಯಾಡ. ಇಡೀ ಡಿಪಾರ್ಟಮೆಂಟ್ ಹೆಸರು ಅದ ಇದರಾಗ." ಸಿದ್ದರಾಮ ಅವರ ಕೈಯನ್ನು ತೋಳಿನಿಂದ ಬಿಡಿಸಿದ. ಪೊಲೀಸರು ಬಂದಾಗ ಎಲ್ಲವನ್ನೂ ಹೇಳಿದ, ಯಾರ ತಲೆಗೆ ಮೊದಲು ಹೊಳೆಯಿತು ಎಂಬುದನ್ನೂ. ಮೃಣಾಲಿನಿ ವಿಡಿಯೋ ಇದ್ದ ಮೊಬೈಲನ್ನು ತಾನಾಗಿ ಅವರ ಕೈಗೆ ಕೊಟ್ಟಳು. ಸತ್ಯ ಹೇಳಿದ ಮೇಲೆ ಮನಸ್ಸು ಹಗುರಾಗುತ್ತದೆ ಎಂದು ಸಿದ್ದರಾಮ ಎಲ್ಲಿಯೋ ಕೇಳಿದ್ದ. ಹಾಗೇನೂ ಆಗಲಿಲ್ಲ.

ಸಾವಕ್ಕ ಅತ್ತಿರಲಿಲ್ಲ. ಹೆಣವನ್ನು ದವಾಖಾನೆಗೆ ಒಯ್ದ ಮೇಲೆ ಹಗೇವಿನ ಬಾಯಿಯ ಹತ್ತಿರವೇ ಕೂತಿದ್ದಳು. ಸಿದ್ದರಾಮ ಹೋಗಿ ಅವಳ ಮುಂದೆ ಕುಕ್ಕರಿಸಿದ.

"ಕಂದೀಲು ಬಿಡೂಣು ಅಂದಿ ನೀ" ಎಂದಳು ಅವಳು. "ನಾ ಕೇಳಿಸ್ಕೊಂಡೆ. ಅಷ್ಟು ಅನ್ನಾಕ ಬಾಯಿ ಇತ್ತು ನಿನಗ. ಇನ್ನೊಂದು ಮಾತು ಅನ್ನಾಕ ಏನಾಗಿತ್ತೋ?"

ಅವನು ರಾಡಿ ಮೆತ್ತಿದ ರಂಗೋಲಿಯನ್ನು ನೋಡಿದ.

"ಹೇಳಿದ್ರ ಬೈತಿದ್ದಾ ನಿಮ್ಮ ಕಾಕಾ. ಮೂರು ದಿನ ಬೈತಿದ್ದಾ. ಮತ್ತ ನೀನs ಹೇಳೀದಿ ಅಂತ ನಿನ್ನ ಜೋಡಿ ಕೂತು ರಾಡಿ ಎತ್ತತಿದ್ದಾ." ಆಗ ಅವಳ ದನಿ ಒಡೆಯಿತು. ಸಿದ್ದರಾಮ ನೆಲಕ್ಕೆ ಹಣೆ ಹಚ್ಚಿ ಅತ್ತ. ಅವಳು ಅವನನ್ನು ಮುಟ್ಟಲಿಲ್ಲ.

ಮರುದಿನ ಹೆಣ ಬಂತು. ಹೊಲದಲ್ಲಿ, ಕೊಯ್ದ ಜೋಳದ ಕೂಳೆಗಳ ನಡುವೆ ಕುಣಿ ತೋಡಿದ್ದರು. ಯುನಿವರ್ಸಿಟಿಯ ಕಡೆಯಿಂದ ಮೃಣಾಲಿನಿ ಒಬ್ಬಳೇ ಟಂಟಂ ಹತ್ತಿ ಬಂದಿದ್ದಳು, ದೂರ ಬದುವಿನ ಮೇಲೆ ನಿಂತಿದ್ದಳು. ಮಾಳಪ್ಪನನ್ನು ಇಳಿಸಿದರು. ಮೊದಲ ಮಣ್ಣು ಹಾಕಬೇಕಾದವನು ಮಗ. ಮಗನ ಜಾಗದಲ್ಲಿ ಇದ್ದವನು ಸಿದ್ದರಾಮ ಒಬ್ಬನೇ. ಆದರೆ ಅವನನ್ನು ಕರೆಯಲು ಯಾರಿಗೂ ಮನಸ್ಸಾಗಲಿಲ್ಲ. ಅವನೂ ಮುಂದೆ ಬರಲಾರದೆ ಜನರ ಹಿಂದೆ ನಿಂತಿದ್ದ. ಹಿರಿಯರೊಬ್ಬರು ಮಾಬುಸಾಬನನ್ನು ನೋಡಿ, "ನೀನs ಹಾಕಿಬಿಡೋ, ಒಡಹುಟ್ಟಿದಾಂವ ಇದ್ದಂಗ ಇದ್ದಿ" ಎಂದರು.

"ಬ್ಯಾಡ" ಎಂದಳು ಸಾವಕ್ಕ. ಎಲ್ಲರೂ ತಿರುಗಿದರು. ಅವಳು ಜನರ ನಡುವೆ ನಡೆದು ಬಂದು ಸಿದ್ದರಾಮನ ಮುಂಗೈ ಹಿಡಿದಳು, ಕುಣಿಯ ಅಂಚಿನವರೆಗೂ ಎಳೆದುಕೊಂಡು ಬಂದಳು. ಕ್ಷಮಿಸಿದಳು ಎಂದು ಕೆಲವರಿಗೆ ಅನಿಸಿತು. ಒಂದು ಕ್ಷಣ ಸಿದ್ದರಾಮನಿಗೂ ಅನಿಸಿತು.

"ಇವನs ಹಾಕಲಿ" ಎಂದಳು. "ತೆಗ್ಗು ತುಂಬಿ, ಮ್ಯಾಲೆ ಮಣ್ಣು ಸವರೂದು ಇವಗ ರೂಢಿ ಐತಿ."

ಸಿದ್ದರಾಮ ಬಗ್ಗಿ ಒಂದು ಹಿಡಿ ಕರಿಮಣ್ಣು ತೆಗೆದುಕೊಂಡ.